ಕಿಂಡಿಯ ಕದ

ಕ್ಯಾಮೆರಾ ಹಿಡಿದವರು ಬಂದರೆಂದು ಪಕ್ಕಕ್ಕೆ ಸರಿದು ನಿಲ್ಲುವುದಕ್ಕೆ ಸೂರ್ಯ ಯಾರಪ್ಪನ ಮನೆಯ ಆಳೂ ಅಲ್ಲ. ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅಂಗಡಿಯ ಬಾಗಿಲಿಗೆ ನೇತುಹಾಕಬೇಕೆಂದು ಎಷ್ಟೋ ಕಾಲದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಹಾಕಿದರೂ ಓದುವವರು ಯಾರು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ನನ್ನದು ಕ್ಯಾಮೆರಾ ರಿಪೇರಿ ಅಂಗಡಿ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಕಿಟಕಿಗೆ ಒತ್ತಿಕೊಂಡು ಒಂದು ಉದ್ದನೆಯ ಮೇಜು, ಅದರ ಮೇಲೆ ಬೇಕಾದ ಕಡೆ ಬಗ್ಗಿಸುವ ದೀಪ, ಭೂತಗನ್ನಡಿ, ಸ್ಕ್ರೂಗಳನ್ನು ಬೇರೆಬೇರೆ ಹಾಕಿಡುವ ತಟ್ಟೆ. ಬಂದವರು ಕೂರಲು ಒಂದೇ ಒಂದು ಸ್ಟೂಲು. ಎರಡು ಇಟ್ಟರೆ ಹರಟೆಗೆ ಕೂರುತ್ತಾರೆ. ಗಿರಾಕಿಗಳು ನನ್ನ ಬೆನ್ನ ಹಿಂದೆ ನನಗೆ ಗುಡುಗಮ್ಮ ಅನ್ನುತ್ತಾರೆಂದು ಗೊತ್ತು. ಅನ್ನಲಿ. ಅವರು ತರುವ ಕ್ಯಾಮೆರಾಗಳನ್ನು ನೋಡಿದರೆ ಗುಡುಗುವುದಲ್ಲ, ಸಿಡಿಲು ಬಡಿಯಬೇಕು.

ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಟ್ಟವರೇ ಎಲ್ಲರೂ. ದೊಡ್ಡವರಾಗಿ ಮೊಣಕೈಯುದ್ದದ ಲೆನ್ಸು ಕೊಂಡುಕೊಂಡ ಮೇಲೆ, ಇದು ಅದೇ ಭೂತಗನ್ನಡಿಯ ಅಪ್ಪ ಅನ್ನುವುದು ಮಾತ್ರ ಮರೆತುಹೋಗುತ್ತದೆ. ಒಬ್ಬ ಪುಣ್ಯಾತ್ಮ ಹಕ್ಕಿಗೂಡಿನ ಮುಂದೆ ಕ್ಯಾಮೆರಾ ನಿಲ್ಲಿಸಿ, ಅದಕ್ಕೆ ಬಿಸಿಲು ತಾಗಬಾರದೆಂದು ಮೈತುಂಬ ಒದ್ದೆ ಟವೆಲ್ ಹೊದಿಸಿ, ಲೆನ್ಸಿನ ಬಾಯಿ ಮಾತ್ರ ತೆರೆದಿಟ್ಟು ಊಟಕ್ಕೆ ಹೋದ. ಸಂಜೆಯ ಹೊತ್ತಿಗೆ ಸೂರ್ಯ ಸರಿಯಾಗಿ ಗೂಡಿನ ಹಿಂದಕ್ಕೇ ಇಳಿದ. ಟವೆಲ್ ಒದ್ದೆಯಾಗಿಯೇ ಇತ್ತು, ಒಳಗೆ ಕ್ಯಾಮೆರಾ ಬೆಂದುಹೋಗಿತ್ತು. ಇನ್ನೊಬ್ಬ ಗ್ರಹಣ ನೋಡಲು ಕಪ್ಪು ಗಾಜನ್ನು ಲೆನ್ಸಿನ ಮುಂದೆ ಹಾಕುವ ಬದಲು ಹಿಂದೆ ಅಂಟಿಸಿದ್ದ, ಒಟ್ಟಾಗಿ ಬಿದ್ದ ಬಿಸಿಲಿಗೆ ಆ ಗಾಜೇ ಒಡೆದಿತ್ತು. ಮತ್ತೊಬ್ಬನಂತೂ, "ಮುಳುಗೋ ಸೂರ್ಯ ತಣ್ಣಗಿರ್ತಾನೆ ಅಂದ್ಕೊಂಡೆ ಮೇಡಂ" ಅಂದ. ಸಮುದ್ರದಲ್ಲಿ ಅದ್ದಿ ತೆಗೀತಾರೆ ಅಂದುಕೊಂಡಿದ್ದನೋ ಏನೋ. ಎಲ್ಲರದೂ ಒಂದೇ ರಾಗ: ಒಂದೇ ನಿಮಿಷ ಮೇಡಂ, ಒಂದೇ ನಿಮಿಷ ಬಿಟ್ಟಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈ ಜನರ ಸಾಲಿನಲ್ಲಿ ನನ್ನ ಸ್ವಂತ ಅಣ್ಣನೂ ಬಂದು ನಿಂತ.

ನನ್ನಣ್ಣ ಪತ್ರಿಕೆಯೊಂದರಲ್ಲಿ ಕ್ರೀಡಾ ಫೋಟೊಗ್ರಾಫರ್. ಮೈದಾನದ ಹುಲ್ಲಿನ ಅಂಚಿನಲ್ಲಿ ಕೂತು ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಉದ್ದನೆಯ ಲೆನ್ಸು ಹಿಡಿದು ಅಲುಗಾಡದೆ ಕೂರುತ್ತಾನೆಂದು ಜೊತೆಯವರು ಅವನಿಗೆ ಕೊಕ್ಕರೆ ಎಂದು ಹೆಸರಿಟ್ಟಿದ್ದಾರೆ. ಲೆನ್ಸನ್ನು ಬಿಸಿಲಿಗೆ ತೆರೆದಿಡಬಾರದೆಂದು ನನಗೆ ಮೊದಲು ಹೇಳಿಕೊಟ್ಟವನೂ ಅವನೇ.

ಅವತ್ತು ಮಧ್ಯಾಹ್ನ ಕ್ಯಾಮೆರಾ ಚೀಲವನ್ನು ಎದೆಗೆ ಅವಚಿಕೊಂಡು ಬಂದ. ಬರುವಾಗಲೇ ಬಲಭುಜವನ್ನು ಬಾಗಿಲ ಚೌಕಟ್ಟಿಗೆ ಢೀ ಕೊಟ್ಟ.

"ಬಾಗಿಲು ಅಲ್ಲೇ ಇದೆ ಅಣ್ಣ, ನಿನ್ನೆ ಮೊನ್ನೆ ಇಟ್ಟಿದ್ದಲ್ಲ" ಅಂದೆ.

"ಎದುರು ಮನೆಯವರು ಮಹಡಿ ಮೇಲೆ ಏನು ಬಟ್ಟೆ ಒಣಗಿಸಿದಾರೆ ಮಾರಾಯ್ತಿ, ನೋಡ್ತಾ ಬಂದೆ" ಅಂದು ನಕ್ಕ. ಸ್ಟೂಲು ಎಳೆದುಕೊಂಡು ಕೂರುವಾಗ ಮೊಣಕೈ ತಾಗಿಸಿ ನನ್ನ ಸ್ಕ್ರೂ ತಟ್ಟೆಯನ್ನು ಉರುಳಿಸಿದ. ಎಳ್ಳುಕಾಳಿನಷ್ಟು ಸಣ್ಣ ಸ್ಕ್ರೂಗಳು ನೆಲದ ತುಂಬ ಹರಡಿದವು.

"ಅಯ್ಯೋ ನಿನ್ನ! ಬೆಳಗ್ಗಿಂದ ಕೂತು ಬೇರೆ ಮಾಡಿಟ್ಟಿದ್ದೆ ಕಣೋ! ಕಣ್ಣೇನು ನೆತ್ತಿ ಮೇಲಿದೆಯಾ?"

ಎಂದಿನ ಅಣ್ಣನಾಗಿದ್ದರೆ ತಿರುಗಿ ಒಂದು ಮಾತು ಬಿಡುತ್ತಿದ್ದ. ಅವತ್ತು ಸುಮ್ಮನೆ ಬಗ್ಗಿ, ನೆಲವನ್ನು ಕೈಯಿಂದ ಸವರಿ ಸವರಿ ಸ್ಕ್ರೂ ಆರಿಸತೊಡಗಿದ. ನನಗೆ ಇನ್ನೂ ರೇಗಿತು. ಸಾಕು ಬಿಡು, ಇನ್ನಷ್ಟು ಕಲಸಬೇಡ ಎಂದು ಎಬ್ಬಿಸಿ ಕೂರಿಸಿ ಕ್ಯಾಮೆರಾ ಈಸಿಕೊಂಡೆ.

ಅವನದು ಹಳೇ ಕಾಲದ ಗಟ್ಟಿ ಕ್ಯಾಮೆರಾ. ಒಳಗೆ ಕನ್ನಡಿ ಇರುವಂಥದ್ದು. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು, ಮೇಲಿನ ಗಾಜಿನ ಹಾಳೆಯ ಮೇಲೆ ಬಿದ್ದು, ಹಿಂದಿನ ಕಿಂಡಿಯಲ್ಲಿ ಕಣ್ಣಿಟ್ಟವರಿಗೆ ಕಾಣುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಹಿಂದಿನ ಪರದೆ ತೆರೆಯುತ್ತದೆ, ಫೋಟೊ ಆಗುತ್ತದೆ. ಆಫೀಸಿನವರು ಕಿಂಡಿಯೊಳಗೆ ಪುಟ್ಟ ಟಿವಿಯಂತೆ ಚಿತ್ರ ತೋರಿಸುವ ಹೊಸ ನಮೂನೆಯದು ಕೊಡುತ್ತೇವೆಂದರೂ, ಟಿವಿ ನೋಡೋಕೆ ಮೈದಾನಕ್ಕೆ ಯಾಕೆ ಹೋಗಬೇಕು ಅಂದು ಇದನ್ನೇ ಹಿಡಿದುಕೊಂಡಿದ್ದ. ಲೆನ್ಸು ಕಳಚಿದ ಕೂಡಲೇ ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನನಗೆ ಹೊಸದಲ್ಲ.

"ಸೂರ್ಯ!" ಅಂದೆ. "ನೀನೂ?"

"ಪಕ್ಕದಲ್ಲಿ ಹುಲ್ಲಿನ ಮೇಲೆ ಇಟ್ಟಿದ್ದೆ ಕಣೇ. ಲೆನ್ಸು ಆಕಾಶದ ಕಡೆ ಇತ್ತು ಅನ್ಸತ್ತೆ. ಚಹಾ ಕುಡಿಯೋಕೆ ಹೋಗಿದ್ದೆ, ಒಂದೇ ನಿಮಿಷ..."

"ಒಂದೇ ನಿಮಿಷ ಅಂತ ಹೇಳ್ಬೇಡ! ಇನ್ನೊಂದ್ಸಲ ಆ ಮಾತು ಕೇಳಿದ್ರೆ ನಾನು ಈ ಸುತ್ತಿಗೆ ತಗೊಂಡು ನನ್ನ ತಲೆಗೇ ಹೊಡ್ಕೋತೀನಿ. ಹೊಸಬರು ಮಾಡಿದ್ರೆ ಸರಿ. ನೀನು ಮಾಡೋದಾ? ಹೋಗಲಿ, ಒಂದು ಮುಚ್ಚಳ ಹಾಕೋಕೆ ಏನಾಗಿತ್ತು ಧಾಡಿ?"

"ಆಯ್ತು ಮಾರಾಯ್ತಿ, ತಪ್ಪಾಯ್ತು. ಭಾನುವಾರದೊಳಗೆ ಆಗತ್ತಾ ಅದು ಹೇಳು."

ಭಾನುವಾರ ದೊಡ್ಡ ಕ್ರೀಡಾಕೂಟದ ಫೈನಲ್. ಅದು ನನಗೂ ಗೊತ್ತಿತ್ತು. ಅವನನ್ನು ಮೈದಾನದಿಂದ ಎಬ್ಬಿಸಿ, ಬೇರೆಯವರು ತೆಗೆದ ಫೋಟೊಗಳನ್ನು ಆರಿಸುವ ಕುರ್ಚಿಯಲ್ಲಿ ಕೂರಿಸಬೇಕೆಂದು ಆಫೀಸಿನಲ್ಲಿ ಆಗಲೇ ಮಾತು ಶುರುವಾಗಿತ್ತು. ಭಾನುವಾರ ಅವನು ತಪ್ಪಿದರೆ ಆ ಕುರ್ಚಿ ಖಾಯಂ. ಮೈದಾನ ಬಿಟ್ಟು ಕೂರುವುದೆಂದರೆ ಅವನಿಗೆ ಉಸಿರು ಬಿಟ್ಟು ಕೂತ ಹಾಗೆ. ಅದಕ್ಕೇ ಬಯ್ಯುತ್ತಲೇ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಕೆಲಸ ಶುರುಮಾಡಿದೆ.

ಬಿಚ್ಚಿ ನೋಡಿದರೆ ಲೆಕ್ಕ ತಪ್ಪುತ್ತಿತ್ತು.

ಇಟ್ಟಲ್ಲೇ ಇಟ್ಟ ಕ್ಯಾಮೆರಾವನ್ನು ಸೂರ್ಯ ಸುಟ್ಟರೆ ಗೆರೆ ಬೀಳುತ್ತದೆ. ಕ್ಯಾಮೆರಾ ಕದಲುವುದಿಲ್ಲ, ಸೂರ್ಯ ಸರಿಯುತ್ತಾ ಹೋಗುತ್ತಾನೆ. ಅವನು ನಡೆದ ದಾರಿ ಒಳಗಿನ ಗಾಜಿನ ಮೇಲೆ ಬಸವನ ಹುಳು ಹರಿದ ಹಾಗೆ ನೆಟ್ಟಗೆ ಉಳಿಯುತ್ತದೆ. ಅಂಥ ಗೆರೆಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಇಲ್ಲಿ ಗೆರೆಯೇ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಬೊಬ್ಬೆಗಳು, ಮೇಲೆ, ಕೆಳಗೆ, ಮತ್ತೆ ಮೇಲೆ. ಕನ್ನಡಿಯ ಹಿಂದಿನ ಪರದೆಯೂ ಸುಟ್ಟಿತ್ತು. ಕನ್ನಡಿ ಮೇಲೆದ್ದಾಗ ಮಾತ್ರ ಅಲ್ಲಿಗೆ ಬೆಳಕು ಹೋಗುವುದು, ಯಾರಾದರೂ ಗುಂಡಿ ಒತ್ತಿದಾಗ ಮಾತ್ರ ಕನ್ನಡಿ ಏಳುವುದು.

"ಅಣ್ಣ, ಹುಲ್ಲಿನ ಮೇಲೆ ಮಲಗಿದ ಕ್ಯಾಮೆರಾ ತಾನೇ ಎದ್ದು ಫೋಟೊ ತೆಗೀತಾ?"

"ಏನೇ ಹಾಗಂದ್ರೆ?" ಅಂದವನು ತಟ್ಟನೆ ಕಾಲರ್ ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಇದು ಕೈಯಲ್ಲಿ ಹಿಡಿದಾಗ ಸುಟ್ಟಿದ್ದು. ತೆಗೀತಾ ಇರುವಾಗಲೇ ಸುಟ್ಟಿದ್ದು. ನನ್ನ ಹತ್ರ ಯಾಕೆ ಸುಳ್ಳು ಹೇಳ್ತೀಯಾ? ನಿನ್ನ ತಂಗಿ ನಾನು, ನಿನ್ನ ಎಡಿಟರ್ ಅಲ್ಲ."

ಅಣ್ಣ ಕಿಟಕಿಯ ಕಡೆ ತಿರುಗಿದ. ಆಮೇಲೆ ಹೇಳಿದ. ಪೋಲ್‌ವಾಲ್ಟ್ ನಡೆಯುತ್ತಿತ್ತಂತೆ. ಓಡಿ ಬಂದು ಉದ್ದನೆಯ ಕೋಲೂರಿ ಮೇಲಿನ ಪಟ್ಟಿ ದಾಟುವ ಆಟ. ಸಂಜೆ ಬಿಸಿಲು ಆ ಪಟ್ಟಿಯ ಹಿಂದಿನಿಂದಲೇ ಬರುತ್ತಿತ್ತಂತೆ. ಹಾರುವವರ ಜೊತೆಗೆ ಲೆನ್ಸನ್ನೂ ಮೇಲೆತ್ತಿದನಂತೆ. ಬಿಸಿಲು ಒಳಗೆ ಬಂತಂತೆ.

"ಉಳಿದ ಫೋಟೊಗ್ರಾಫರುಗಳು ಎಲ್ಲಿದ್ರು?"

"ಆಚೆ ಕಡೆ ಹೋದ್ರು. ಬಿಸಿಲಿಗೆ ಬೆನ್ನು ಹಾಕಿ."

"ನೀನೊಬ್ಬನೇ ಈಚೆ ಕೂತಿದ್ದೆ. ಯಾಕೆ, ಆಚೆ ಹೋಗೋಕೆ ಪಲ್ಲಕ್ಕಿ ಕಳಿಸ್ಬೇಕಿತ್ತಾ?"

ಅಣ್ಣ ಚೀಲದ ಜಿಪ್ಪು ಎಳೆಯತೊಡಗಿದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಹಠ ಹಿಡಿದರೆ ಅವನು ನಮ್ಮಪ್ಪನಿಗಿಂತ ಒಂದು ಕೈ ಮೇಲು. ಹಾಗೆಂದುಕೊಂಡೇ ನಾನು ಇನ್ನಷ್ಟು ಕೂಗಾಡಿದೆ. ಆದರೆ ಒಂದು ವಿಷಯ ಮಾತ್ರ ಲೆಕ್ಕಕ್ಕೆ ಕೂರಲಿಲ್ಲ. ಅಷ್ಟುದ್ದದ ಲೆನ್ಸಿನಲ್ಲಿ ಸೂರ್ಯ ಬಂದರೆ, ಕಣ್ಣಿಟ್ಟವರು ಚೇಳು ಕಚ್ಚಿದವರ ಹಾಗೆ ಹಿಂದಕ್ಕೆ ಹಾರುತ್ತಾರೆ. ಇವನು ಮತ್ತೆ ಮತ್ತೆ ಅಲ್ಲಿಗೇ ಲೆನ್ಸು ತಿರುಗಿಸಿದ್ದ. ಬೊಬ್ಬೆಗಳೇ ಹೇಳುತ್ತಿದ್ದವು.

"ಕಣ್ಣಿಗೆ ಹೊಡೀಲಿಲ್ವಾ?"

"ಸ್ವಲ್ಪ ಹೊಡೀತು."

"ಸ್ವಲ್ಪ! ಈಗ ಕಣ್ಣು ಹೇಗಿದೆ?"

"ನನ್ನ ಕಣ್ಣಿಗೇನು ಧಾಡಿ? ಹದ್ದಿನ ಕಣ್ಣು. ನೀನು ಕ್ಯಾಮೆರಾ ನೋಡು, ಕಣ್ಣಿನ ವಿಚಾರ ಬಿಡು."

ಗಾಜು, ಪರದೆ ಎರಡೂ ಹೊಸದಾಗಬೇಕು, ಭಾನುವಾರದೊಳಗೆ ಆಗುವ ಮಾತಲ್ಲ ಎಂದು ಹೇಳಿದೆ. ಅವನ ಮುಖ ಇಳಿದುಹೋಯಿತು. ಎಷ್ಟೇ ಕೋಪ ಬಂದರೂ ಆ ಮುಖ ನೋಡುವುದು ನನ್ನ ಕೈಲಾಗುವುದಿಲ್ಲ. ಬೀರುವಿನಲ್ಲಿ ನನ್ನದೇ ಒಂದು ಕ್ಯಾಮೆರಾ ಇತ್ತು, ಅವನದಕ್ಕೆ ಜೋಡಿಯಂಥದ್ದು. ಹಿಂದಿನ ದಿನವಷ್ಟೇ ಅದನ್ನು ಒರೆಸಿ, ಪರೀಕ್ಷೆ ಮಾಡಿ ಇಟ್ಟಿದ್ದೆ. ಅದನ್ನು ತಂದು ಅವನ ಲೆನ್ಸಿಗೆ ಸಿಕ್ಕಿಸಿ ಕೈಗೆ ಕೊಟ್ಟೆ.

"ತಗೋ. ಭಾನುವಾರಕ್ಕೆ ಇದನ್ನ ಇಟ್ಕೋ. ಇದನ್ನೂ ಸುಟ್ಟುಕೊಂಡು ಬಂದ್ರೆ ಈ ಕಡೆ ತಲೆ ಹಾಕ್ಬೇಡ."

ಅಣ್ಣನ ಮುಖ ಅರಳಿತು. ಕ್ಯಾಮೆರಾವನ್ನು ಬಲಗಣ್ಣಿಗೆ ಹಿಡಿದು, ಎಡಗಣ್ಣು ಮುಚ್ಚಿ, ಕಿಟಕಿಯಾಚೆ ತಿರುಗಿಸಿ ಲೆನ್ಸಿನ ಬಳೆ ತಿರುವಿದ.

"ಆಹಾ! ನನ್ನದಕ್ಕಿಂತ ಕ್ಲಿಯರ್ ಇದೆಯಲ್ಲೇ. ಎದುರು ಮನೆಯವರ ಬಟ್ಟೆ ನೋಡು, ಒಂದೊಂದು ಕ್ಲಿಪ್ಪೂ ಎಣಿಸಬಹುದು."

ನಾನು ಅವನು ನೋಡುತ್ತಿದ್ದ ಕಡೆ ನೋಡಿದೆ. ಎದುರು ಮನೆಯವರು ಆಗಲೇ ಬಟ್ಟೆ ತೆಗೆದುಕೊಂಡು ಹೋಗಿದ್ದರು. ಬರಿಯ ಹಗ್ಗ ಗಾಳಿಗೆ ಅಲ್ಲಾಡುತ್ತಿತ್ತು.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಬಯ್ಯಲು ಬಾಯಿ ತೆರೆದು ಅವನ ಕಡೆ ತಿರುಗಿದಾಗ, ಕಣ್ಣಿಡುವ ಕಿಂಡಿಯ ಪಕ್ಕದ, ಬೆರಳಿನಿಂದ ತಿರುಗಿಸುವ ಸಣ್ಣ ಸನ್ನೆ ನನ್ನ ಕಣ್ಣಿಗೆ ಬಿತ್ತು. ಈ ಜಾತಿಯ ಕ್ಯಾಮೆರಾಗಳಲ್ಲಿ ಕಿಂಡಿಯೊಳಗೆ ಒಂದು ಪುಟ್ಟ ಕದ ಇರುತ್ತದೆ. ಹಿಂದಿನಿಂದ ಬೆಳಕು ನುಗ್ಗಬಾರದೆಂದಾಗ ಸನ್ನೆ ತಿರುಗಿಸಿದರೆ ಕಪ್ಪು ಕದ ಮುಚ್ಚಿಕೊಳ್ಳುತ್ತದೆ. ಹಿಂದಿನ ದಿನ ಪರೀಕ್ಷೆಗೆಂದು ನಾನೇ ಅದನ್ನು ಮುಚ್ಚಿದ್ದೆ, ತೆಗೆದಿರಲಿಲ್ಲ. ಈಗಲೂ ಅದು ಮುಚ್ಚಿಯೇ ಇತ್ತು. ಆ ಕಿಂಡಿಯಲ್ಲಿ ಕಣ್ಣಿಟ್ಟವರಿಗೆ ಕಪ್ಪು ಬಿಟ್ಟರೆ ಬೇರೇನೂ ಕಾಣುವುದು ಸಾಧ್ಯವಿರಲಿಲ್ಲ.

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಅಣ್ಣ, ಇನ್ನೊಂದ್ಸಲ ನೋಡು. ಚೆನ್ನಾಗಿ ಕಾಣ್ತಿದೆಯಾ?"

"ಕಾಣ್ತಿದೆ ಅಂದ್ನಲ್ಲ. ಗಾಜಿನ ಹಾಗೆ ಇದೆ."

"ಕದ ಮುಚ್ಚಿದೆ ಅಣ್ಣ."

ಅವನು ಕ್ಯಾಮೆರಾ ಇಳಿಸಲಿಲ್ಲ. ಹಾಗೆಯೇ ಹಿಡಿದುಕೊಂಡು ಕೂತ. ಆಮೇಲೆ ಮೆಲ್ಲಗೆ ಹೆಬ್ಬೆರಳಿನಿಂದ ಆ ಸನ್ನೆಯನ್ನು ತಡವಿ ನೋಡಿದ. ಅದು ಯಾವ ಕಡೆ ಇದ್ದರೆ ಏನೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಯಾವಾಗಿಂದ?" ಅಂದೆ.

"ಏನು ಯಾವಾಗಿಂದ? ಕೈ ತಪ್ಪಿ..."

"ಬಲಗಣ್ಣು ಯಾವಾಗಿಂದ ಕಾಣ್ತಿಲ್ಲ ಅಂತ ಕೇಳ್ದೆ!"

ನನ್ನ ದನಿ ಬೀದಿಗೆ ಕೇಳಿಸಿರಬೇಕು. ಅಣ್ಣ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ತಲೆ ಸವರಿದ ಹಾಗೆ ಅದರ ಮೇಲೆ ಕೈಯಾಡಿಸುತ್ತ ಹೇಳಿದ. ಹೋದ ಚಳಿಗಾಲದಿಂದ ಮಂಜು ಮಂಜಾಗಿತ್ತಂತೆ. ಆಮೇಲೆ ಹೊಗೆ. ಆಮೇಲೆ ಅದೂ ಇಲ್ಲ. ನೋವಿಲ್ಲ, ಉರಿಯಿಲ್ಲ, ಹಾಗಾಗಿ ತಾನೇ ಸರಿಹೋಗುತ್ತದೆ ಅಂದುಕೊಂಡನಂತೆ. ಮೈದಾನದಲ್ಲಿ ಎರಡೂ ಕಣ್ಣು ತೆರೆದು ಫೋಟೊ ತೆಗೆಯುವುದು ಅವನ ಹಳೆಯ ಅಭ್ಯಾಸ. ಬಲಗಣ್ಣು ಕಿಂಡಿಯಲ್ಲಿ, ಎಡಗಣ್ಣು ಮೈದಾನದ ಮೇಲೆ. ಬಲಗಣ್ಣು ಕೈಕೊಟ್ಟರೂ ಎಡಗಣ್ಣಿನಿಂದ ಅಂದಾಜು ಮಾಡಿ ಲೆನ್ಸು ತಿರುಗಿಸುತ್ತಿದ್ದನಂತೆ. ಉಳಿದದ್ದನ್ನು ಕ್ಯಾಮೆರಾವೇ ನೋಡಿಕೊಳ್ಳುತ್ತಿತ್ತು.

"ಓಡೋರ ಹೆಜ್ಜೆ ಸದ್ದು ಕೇಳತ್ತೆ. ಕೋಲು ಊರಿದ ಸದ್ದು ಕೇಳತ್ತೆ. ಆಗ ಗುಂಡಿ ಒತ್ತಿದ್ರೆ ಸರಿಯಾಗಿ ಬರತ್ತೆ ಕಣೇ. ಯಾರಿಗೂ ಗೊತ್ತಾಗಲಿಲ್ಲ. ಅವತ್ತು ಬಿಸಿಲು ಎಡಗಣ್ಣಿಗೆ ಕುಕ್ತಾ ಇತ್ತು. ಅದಕ್ಕೆ ಅದನ್ನ ಮುಚ್ಚಿಕೊಂಡೆ. ಸೂರ್ಯ ಪಕ್ಕದಲ್ಲೆಲ್ಲೋ ಇದಾನೆ, ಲೆನ್ಸಿನ ಒಳಗೆ ಬಂದಿಲ್ಲ ಅಂದ್ಕೊಂಡೆ. ಏನೋ ಸುಟ್ಟ ವಾಸನೆ ಬಂತು. ಯಾರೋ ಕಸಕ್ಕೆ ಬೆಂಕಿ ಹಾಕಿದಾರೆ ಅಂತ ಬೈಕೊಂಡೆ ಕೂಡ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಣುವ ಕಣ್ಣು ಮುಚ್ಚಿಕೊಂಡು, ಕಾಣದ ಕಣ್ಣಿನಿಂದ ಸೂರ್ಯನನ್ನು ನೋಡುತ್ತ ಕೂತಿದ್ದಾನೆ ನನ್ನಣ್ಣ. ಆಚೆ ಕಡೆ ಯಾಕೆ ಹೋಗಲಿಲ್ಲವೆಂದರೆ, ಹಿಂದೊಮ್ಮೆ ದಾಟುವಾಗ ಬಲಗಡೆಯ ಕೇಬಲ್ ಕಾಣದೆ ಎಡವಿ ಬಿದ್ದಿದ್ದನಂತೆ. ಆಮೇಲೆ ಕೂತ ಜಾಗ ಬಿಟ್ಟು ಏಳುತ್ತಲೇ ಇರಲಿಲ್ಲ.

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ! ಡಾಕ್ಟರಿಗೆ ತೋರಿಸೋಕೆ ಏನಾಗಿತ್ತು ರೋಗ?"

"ತೋರಿಸಿದ್ರೆ ಅವರು ಹೇಳ್ತಾರೆ. ಹೇಳಿದ ಮೇಲೆ ಅದು ನಿಜ ಆಗತ್ತೆ. ಆಮೇಲೆ ಆಫೀಸಿಗೆ ಗೊತ್ತಾಗತ್ತೆ. ಈ ಭಾನುವಾರ ಒಂದು ಮುಗಿಸ್ಕೊಂಡು ಬರ್ತೀನಿ. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ. ನಿಮ್ಮತ್ತಿಗೆಗೆ ಮಾತ್ರ ಹೇಳ್ಬೇಡ."

"ಆ ಇನ್ನೊಂದು ಕಣ್ಣೂ ಹೀಗೇ ಆಗ್ತಾ ಇದ್ರೆ?"

ಅವನು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಆ ಭಯ ಅವನಿಗೆ ಮೊದಲೇ ಇತ್ತೆಂದು ಆಗ ಗೊತ್ತಾಯಿತು. ಅವನ ತೊಡೆಯ ಮೇಲಿದ್ದ ಕ್ಯಾಮೆರಾವನ್ನು ಕಿತ್ತುಕೊಂಡೆ. "ಕಣ್ಣಿನ ಡಾಕ್ಟರ್ ನೋಡೋವರೆಗೂ ಒಂದು ಲೆನ್ಸಿನ ಮುಚ್ಚಳ ಕೂಡ ಕೊಡಲ್ಲ. ಭಾನುವಾರವಂತೆ ಭಾನುವಾರ! ನಿನ್ನ ಭಾನುವಾರಕ್ಕಿಷ್ಟು ಬೆಂಕಿ ಹಾಕ!" ಅಂದು, ಅವನೆದುರೇ ಅತ್ತಿಗೆಗೆ ಫೋನ್ ಮಾಡಿದೆ.

ಅತ್ತಿಗೆ, "ಅದಕ್ಕೇನಾ?" ಅಂದರು. "ನೀರು ಬಗ್ಗಿಸಿದ್ರೆ ಲೋಟದಿಂದ ಆಚೆ ಬೀಳ್ತಿತ್ತು. ನಾನು ಬಲಗಡೆ ಬಂದು ಕೂತ್ರೆ ಮಾತೇ ಆಡ್ತಿರಲಿಲ್ಲ. ನನ್ನ ಮೇಲೆ ಏನೋ ಸಿಟ್ಟು ಅಂದ್ಕೊಂಡು, ನಾನೂ ಮುಖ ತಿರುಗಿಸ್ಕೊಂಡು ಓಡಾಡ್ತಿದ್ದೆ ಕಣೇ." ಅಷ್ಟು ಹೇಳಿ, ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ಅಣ್ಣ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ.

ಕಣ್ಣಾಸ್ಪತ್ರೆಗೆ ಮೂವರೂ ಹೋದೆವು. ಗದ್ದವನ್ನು ಒಂದು ತಟ್ಟೆಯ ಮೇಲಿಡು, ಹಣೆ ಒತ್ತು, ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತು. ಒಂದಾದ ಮೇಲೊಂದು ಯಂತ್ರದ ಮುಂದೆ ಅವನನ್ನು ಕೂರಿಸಿದರು. ಚುಕ್ಕಿ ಕಂಡಾಗ ಗುಂಡಿ ಒತ್ತುವ ಯಂತ್ರದ ಮುಂದೆ ಬಲಗಣ್ಣಿನ ಸರದಿ ಬಂದಾಗ, ಅವನ ಹೆಬ್ಬೆರಳು ಗುಂಡಿಯ ಮೇಲೆ ಕಾದೇ ಇತ್ತು, ಒಮ್ಮೆಯೂ ಒತ್ತಲಿಲ್ಲ. ಅತ್ತಿಗೆ ನನ್ನ ಕೈಯನ್ನು ಎಲುಬು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನದ ಮಾತು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿಹೋಗಿದೆ ಅಂದರು. ಬಲಗಣ್ಣು ಇನ್ನು ಬರುವುದಿಲ್ಲ. ಎಡಗಣ್ಣಿನಲ್ಲೂ ಶುರುವಾಗಿದೆ, ಅಂಚಿನಿಂದ ಕತ್ತಲು ಒಳಕ್ಕೆ ಬರುತ್ತಿದೆ, ನಡುವೆ ಇನ್ನೂ ಚೆನ್ನಾಗಿದೆ. ದಿನಾ ತಪ್ಪದೆ ಹನಿ ಹಾಕಿಕೊಂಡರೆ ಅದನ್ನು ಅಲ್ಲೇ ತಡೆಯಬಹುದು.

"ಸೂರ್ಯನ್ನ ನೋಡಿದ್ದಕ್ಕೇ ಹೋಯ್ತಾ ಡಾಕ್ಟ್ರೇ?" ಅಂದರು ಅತ್ತಿಗೆ.

"ಇಲ್ಲಮ್ಮ. ಕಣ್ಣು ಮೊದಲೇ ಹೋಗಿತ್ತು. ಅದಕ್ಕೇ ಇವರಿಗೆ ಸೂರ್ಯನ್ನ ನೋಡೋಕೆ ಆಗಿದ್ದು." ಆಮೇಲೆ ಅಣ್ಣನ ಕಡೆ ತಿರುಗಿ, "ಇನ್ನೂ ತಡ ಮಾಡಿದ್ರೆ ಈ ಇನ್ನೊಂದನ್ನೂ ಉಳಿಸೋಕೆ ಆಗ್ತಿರಲಿಲ್ಲ. ಯಾರು ಕರ್ಕೊಂಡು ಬಂದಿದ್ದು ನಿಮ್ಮನ್ನ?" ಅಂದರು.

ಅಣ್ಣ ನನ್ನ ಕಡೆ ಬೆರಳು ತೋರಿಸಿದ. ಅದೂ ಕೋಪದಲ್ಲಿ, ಪೊಲೀಸರಿಗೆ ಕಳ್ಳನನ್ನು ತೋರಿಸುವ ಹಾಗೆ.

ಭಾನುವಾರ ಅವನು ಮೈದಾನಕ್ಕೆ ಹೋಗಲಿಲ್ಲ. ನಮ್ಮ ಮನೆಗೆ ಬಂದು ಟಿವಿಯ ಮುಂದೆ ಕೂತು, ತನ್ನ ಬದಲಿಗೆ ಹೋದ ಫೋಟೊಗ್ರಾಫರನನ್ನು ದಿನವಿಡೀ ಬೈದ. "ಅಲ್ಲಿ ಯಾಕೆ ಕೂತಿದಾನೆ ನೋಡು ಮಂಕ! ಏಳೋ, ಬಲಕ್ಕೆ ಹೋಗೋ!" ಪೋಲ್‌ವಾಲ್ಟ್ ಶುರುವಾದಾಗ ಬೈಯುವುದೂ ನಿಂತಿತು. ಕೋಲು ಊರಿದ ಸದ್ದು ಟಿವಿಯಲ್ಲಿ ಕೇಳಿದಾಗಲೆಲ್ಲ ಅವನ ಬಲಗೈಯ ತೋರುಬೆರಳು ಕುರ್ಚಿಯ ಕೈಯನ್ನು ಒತ್ತುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಸದ್ದು ಮಾಡುತ್ತ ತೊಳೆದೆ. ಅಳು ಬಂದರೆ ನಾನು ಹಾಗೇ ಮಾಡುವುದು.

ಮರುದಿನ ಆಫೀಸಿಗೆ ತಾನೇ ಹೋಗಿ ಹೇಳಿದನಂತೆ. ಅವರು ಕುರ್ಚಿ ಕೊಟ್ಟರು, ಕೊಡುತ್ತಾರೆಂದು ಗೊತ್ತೇ ಇತ್ತಲ್ಲ. ಎಡಗಣ್ಣಿನಲ್ಲಿ ತೆಗೆಯುವುದು ಅಭ್ಯಾಸವಾಗುವವರೆಗೆ ಮೈದಾನ ಬೇಡ, ಆಮೇಲೆ ನೋಡೋಣ ಅಂದರಂತೆ. ಆ 'ನೋಡೋಣ'ವನ್ನು ಅಣ್ಣ ಗಟ್ಟಿಯಾಗಿ ಹಿಡಿದುಕೊಂಡ. ರಜೆಯ ದಿನಗಳಲ್ಲಿ ನನ್ನ ಆ ಕ್ಯಾಮೆರಾ ತೆಗೆದುಕೊಂಡು ಹೋಗಿ, ಹತ್ತಿರದ ಆಟದ ಬಯಲಿನಲ್ಲಿ ಎಡಗಣ್ಣಿಟ್ಟು ತೆಗೆಯತೊಡಗಿದ. ಬಲಗಣ್ಣಿನವರಿಗೆಂದೇ ಮಾಡಿದ ಯಂತ್ರ ಅದು. ಎಡಗಣ್ಣಿಟ್ಟರೆ ಮೂಗು ಹಿಂದಿನ ಗಾಜಿಗೆ ಒತ್ತಿಕೊಳ್ಳುತ್ತದೆ. ಪ್ರತಿಸಲ ತಂದುಕೊಡುವಾಗ ಗಾಜಿನ ತುಂಬ ಮೂಗಿನ ಎಣ್ಣೆ. "ಮೂಗೊರೆಸೋ ಬಟ್ಟೆ ಅಂದ್ಕೊಂಡಿದೀಯಾ ಇದನ್ನ?" ಎಂದು ನಾನು ರೇಗುವುದು, ಅವನು ತೆಗೆದದ್ದನ್ನೆಲ್ಲ ತೋರಿಸುವುದು. ಅರ್ಧಕ್ಕರ್ಧ ಓಡುವವರ ಕಾಲುಗಳು, ಇನ್ನರ್ಧ ಬರಿಯ ಹುಲ್ಲು. ಬರಬರುತ್ತ ಮುಖಗಳೂ ಬಂದವು.

ಅವನ ಸ್ವಂತ ಕ್ಯಾಮೆರಾಕ್ಕೆ ಬೇಕಾದ ಗಾಜು, ಪರದೆ ಕೊನೆಗೂ ಬಂದವು. ಜೋಡಿಸಿ, ಪರೀಕ್ಷೆ ಮಾಡಿ ಅವನಿಗೆ ಫೋನ್ ಮಾಡಿದೆ. ಆ ಸಂಜೆಯೇ ಬಂದ. ಈಗೀಗ ಬಾಗಿಲು ಬಂದರೆ ತಲೆಯನ್ನು ಬಲಕ್ಕೆ ತಿರುಗಿಸಿ ಚೌಕಟ್ಟು ನೋಡಿಕೊಂಡೇ ಒಳಗೆ ಬರುತ್ತಾನೆ. ಸ್ಟೂಲನ್ನು ಸ್ಕ್ರೂ ತಟ್ಟೆಯಿಂದ ದೂರ ಎಳೆದುಕೊಂಡು ಕೂತ.

"ಹನಿ ಹಾಕ್ಕೊಂಡ್ಯಾ?"

"ಹಾಕ್ಕೊಂಡೆ. ನೀನೊಂದು ಕಡೆ, ನಿಮ್ಮತ್ತಿಗೆ ಒಂದು ಕಡೆ. ಪ್ರಾಣ ತಿಂತೀರಾ. ಕೊಡು ಇಲ್ಲಿ."

ಕ್ಯಾಮೆರಾವನ್ನು ಕೈಗೆ ಕೊಟ್ಟೆ. ಹಳೆಯ ಅಭ್ಯಾಸದಿಂದ ಬಲಗಣ್ಣಿಗೇ ಎತ್ತಿದ. ಅರ್ಧಕ್ಕೆ ತಡೆದು ಎಡಕ್ಕೆ ತಂದು, ಮೂಗನ್ನು ಗಾಜಿಗೆ ಒತ್ತಿ ಕಿಟಕಿಯ ಕಡೆ ಹಿಡಿದ. ಲೆನ್ಸಿನ ಬಳೆಯನ್ನು ಒಮ್ಮೆ ತಿರುವಿದ. ಇನ್ನೊಮ್ಮೆ ತಿರುವಿದ.

"ಏನು ಕಾಣ್ತಿದೆ?" ಅಂದೆ.

ಅವನು ಬಳೆ ತಿರುವುವುದನ್ನು ನಿಲ್ಲಿಸಿದ. ಹನಿ ಹಾಕಿಕೊಂಡೆ ಎಂದದ್ದು ನಿಜವೋ ಸುಳ್ಳೋ? ಈ ಬೇಡದ ಪರೀಕ್ಷೆ ನನಗೆ ಯಾಕೆ ಬೇಕಿತ್ತು? ಈಗ ಅವನು ಚೆನ್ನಾಗಿದೆ, ಕ್ಲಿಯರ್ ಆಗಿದೆ ಅಂದುಬಿಟ್ಟರೆ ನಾನೇನು ಮಾಡಲಿ ಎಂದು ಮೇಜಿನ ಅಂಚನ್ನು ಹಿಡಿದುಕೊಂಡು ನಿಂತೆ.

ಅಣ್ಣ ಕ್ಯಾಮೆರಾ ಇಳಿಸಿ ನನ್ನನ್ನು ಕೆಕ್ಕರಿಸಿಕೊಂಡು ನೋಡಿದ.

"ಕತ್ತಲೆ. ಕದ ಮುಚ್ಚಿಟ್ಟಿದೀಯ. ನಾಚಿಕೆ ಆಗಲ್ವೇನೇ ನಿನಗೆ, ಒಡಹುಟ್ಟಿದ ಅಣ್ಣನಿಗೇ ಪರೀಕ್ಷೆ ಇಡ್ತೀಯಾ? ನಾನೇನು ನಿನ್ನ ಗಿರಾಕಿನಾ? ಗುಡುಗಮ್ಮ ಅಂತ ಸುಮ್ನೆ ಕರೀತಾರಾ ನಿನ್ನ!"

"ಬಯ್ಯಿ ಅಣ್ಣ, ಇನ್ನೂ ಬಯ್ಯಿ" ಅಂದೆ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ.

ಅವನು ಗೊಣಗುತ್ತಲೇ ಹೆಬ್ಬೆರಳಿನಿಂದ ಸನ್ನೆ ತಿರುಗಿಸಿ ಕದ ತೆರೆದ. ಮತ್ತೆ ಎಡಗಣ್ಣಿಗೆ ಹಿಡಿದು, ಎದುರು ಮನೆಯ ಮಹಡಿಯ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದ.

"ಬಟ್ಟೆ ಇಲ್ಲ" ಅಂದ. "ಬರೀ ಹಗ್ಗ. ಒಂದು ಕ್ಲಿಪ್ ಮರೆತು ಹೋಗಿದಾರೆ. ನೀಲಿದು."

ನನ್ನ ಬರಿಗಣ್ಣಿಗೆ ಹಗ್ಗವೇ ಸರಿಯಾಗಿ ಕಾಣುತ್ತಿರಲಿಲ್ಲ. ಅವನ ಕೈಯಿಂದ ಕ್ಯಾಮೆರಾ ಈಸಿಕೊಂಡು ಕಿಂಡಿಯಲ್ಲಿ ಕಣ್ಣಿಟ್ಟೆ. ಹಗ್ಗದ ಒಂದು ಕೊನೆಯಲ್ಲಿ, ಸಂಜೆಯ ಬಿಸಿಲಿನಲ್ಲಿ, ನೀಲಿ ಕ್ಲಿಪ್ಪೊಂದು ಇತ್ತು.